ಅಪ್ಪನಿಗೆ ಬರೆದ ದೂರು

ರಸಾಯನಶಾಸ್ತ್ರ ಓದುತ್ತಿದ್ದ ಸುಚೇತಾ ಅದರ ಜೊತೆಗೆ ಮೈನರ್, ಅಂದರೆ ಉಪ ವಿಷಯವಾಗಿ, ಸೃಜನಶೀಲ ಬರವಣಿಗೆಯನ್ನು ಆರಿಸಿಕೊಂಡಳು. ವಿಭಾಗದ ಮುಖ್ಯಸ್ಥರು ಅರ್ಜಿಗೆ ಸಹಿ ಹಾಕಲು ಸುತರಾಂ ಒಪ್ಪಲಿಲ್ಲ.

“ಕಥೆ ಬರೆಯೋಕೂ ಕಾಲೇಜಿಗೆ ಬರಬೇಕೇನಮ್ಮ? ಮೊದಲು ಲ್ಯಾಬ್‌ನಲ್ಲಿ ಗಮನ ಇಡು. ಇರು, ನಿಮ್ಮಪ್ಪನಿಗೇ ಕಾಗದ ಹಾಕ್ತೀನಿ.”

“ಹಾಕಿ ಸಾರ್. ಓದಿದ ಮೇಲೂ ಅಪ್ಪ ಸರಿ ಅಂದ್ರೆ ಸಹಿ ಮಾಡ್ತೀರಾ?”

“ಓಹೋ, ಧಾರಾಳವಾಗಿ.”

ಅವಳ ಅಪ್ಪನಿಗೆ ಕನ್ನಡ ಬಿಟ್ಟು ಬೇರೇನೂ ಓದಲು ಬಾರದು. ಮುಖ್ಯಸ್ಥರಿಗೋ ಕನ್ನಡದಲ್ಲಿ ಬರೆಯುವ ರೂಢಿ ತಪ್ಪಿ ಮೂವತ್ತು ವರ್ಷವಾಗಿತ್ತು. ಬೇರೆ ದಾರಿ ಕಾಣದೆ ಹಾಳೆಯನ್ನು ಅವಳತ್ತಲೇ ತಳ್ಳಿದರು.

“ನಾನು ಹೇಳ್ತೀನಿ, ನೀನೇ ಬರಿ. ಲ್ಯಾಬ್‌ನಲ್ಲಿ ಗಮನ ಇಲ್ಲ ಅಂತ ಬರಿ. ನಿನ್ನ ಮೇಲಿನ ದೂರು ಅಂತ ಮೆತ್ತಗೆ ಮಾಡಿದರೆ ನೋಡು!”

“ಗುಲಗಂಜಿಯಷ್ಟೂ ಕಡಿಮೆ ಮಾಡಲ್ಲ ಸಾರ್,” ಎಂದವಳು ಬರೆದಳು: ‘ಫ್ಲಾಸ್ಕಿನ ದ್ರವ ಗುಲಾಬಿ ಬಣ್ಣಕ್ಕೆ ತಿರುಗುವ ಆ ಒಂದು ಕ್ಷಣಕ್ಕಾಗಿ ಇಡೀ ತರಗತಿ ಉಸಿರು ಬಿಗಿಹಿಡಿದಿರುತ್ತದೆ. ನಿಮ್ಮ ಮಗಳು ಮಾತ್ರ ಆಗ ಕಿಟಕಿಯಾಚೆ ಎಲ್ಲೋ ಇರುತ್ತಾಳೆ.’

ಹೀಗೆಯೇ ಎರಡು ಪುಟ. ಮುಖ್ಯಸ್ಥರು ಓದಿ, ಟೈಪ್ ಮಾಡಿಸಿ, ತೃಪ್ತಿಯಿಂದ ತಮ್ಮ ಹೆಸರಿನ ಕೆಳಗೆ ಸಹಿ ಹಾಕಿ ಅಂಚೆಗೆ ಕಳಿಸಿದರು.

ಸೋಮವಾರ ಅಪ್ಪ ಕಾಗದ ಹಿಡಿದುಕೊಂಡೇ ಬಂದ. ಮಗಳನ್ನೊಮ್ಮೆ ದುರುಗುಟ್ಟಿ ನೋಡಿ, ಮುಖ್ಯಸ್ಥರಿಗೆ ಕೈಮುಗಿದ.

“ಇದನ್ನ ಓದಿ ನಾನೂ ಇವಳಮ್ಮನೂ ಅತ್ತುಬಿಟ್ವಿ ಸಾರ್. ಅದೇನೋ ಬರವಣಿಗೆ ಕ್ಲಾಸ್ ಅಂತಿದ್ದಳು, ಸೇರಿಸಿಬಿಡಿ. ಇವಳೂ ನಿಮ್ಮ ಹಾಗೆ ಬರೆಯೋದನ್ನ ಕಲೀಲಿ.”