ಮದುವೆಯ ದೋಣಿ

ನಡುಗಡ್ಡೆಯಾದ ಕುದ್ರುವಿನ ದೈವಕ್ಕೆ ಕಾಯಿ ಒಡೆದು ಮತ್ತೆ ಹೊರಟ ಮದುವೆಯ ದೋಣಿ ಸ್ವಲ್ಪ ದೂರದಲ್ಲೇ ಕೆಮ್ಮತೊಡಗಿತು. ಎಂಜಿನ್ ಢಬ್ಬೆಂದು ಸದ್ದು ಮಾಡಿ ಹೊಳೆಯ ನಡುವೆ ನಿಂತೇಹೋಯಿತು. ಇಳಿತದ ಸೆಳೆತಕ್ಕೆ ದೋಣಿ ಬಂದ ದಾರಿಯತ್ತಲೇ ಜಾರತೊಡಗಿತು.

“ಎಂತ ಮಾಡ್ತಿದ್ಯಾ ಮಗಾ? ಮುಹೂರ್ತ ಮೀರತ್!” ಅಪ್ಪ ಕೂಗಿದರು.

ಸುಧಾಮ ಎಂಜಿನ್ನಿನ ಮುಚ್ಚಳ ತೆಗೆದ. ಒಬ್ಬಳೇ ತಂಗಿಯ ಮದುವೆ ತನ್ನ ದೋಣಿಯಿಂದ ಕೆಡಬಾರದು. ನೋಡಿದರೆ ಪೆಟ್ರೋಲ್ ಬರುತ್ತಿತ್ತು. ಪ್ಲಗ್ಗುಗಳನ್ನು ಬಿಚ್ಚಿ ಒರೆಸಿದ, ಕಿಡಿಯೂ ಹಾರುತ್ತಿತ್ತು. ಕೊನೆಗೆ ವಯರುಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಡಿದು ನೋಡಿದಾಗ ತಿಳಿಯಿತು: ನಾಲ್ಕು ಪ್ಲಗ್ಗುಗಳಲ್ಲಿ ಎರಡರ ವಯರುಗಳು ಅದಲುಬದಲಾಗಿದ್ದವು.

ತಾನಾಗಿ ಆಗುವ ಕೆಲಸವಲ್ಲ ಅದು. ಕುದ್ರುವಿನಲ್ಲಿ ಎಲ್ಲರೂ ಇಳಿದಾಗ ದೋಣಿಯಲ್ಲಿ ಉಳಿದವಳು ಮದುಮಗಳೊಬ್ಬಳೇ. ಅವಳಿಗೆ ಎಂಜಿನ್ ಕೆಲಸ ಕಲಿಸಿದವನು ಅವನೇ.

ಸುಧಾಮ ತಲೆಯೆತ್ತಿದ. ಜಲಜ ಅವನನ್ನೇ ನೋಡುತ್ತಿದ್ದಳು.

“ಈ ಮದಿ ಬ್ಯಾಡ ಅಂದೆ ಅಣ್ಣ,” ಪಿಸುಗುಟ್ಟಿದಳು. “ಯಾರೂ ಕೇಣ್ಲಿಲ್ಲ. ನೀನೂ ಕೇಣ್ಲಿಲ್ಲ.”

“ಸರಿ ಆಯ್ತಾ?” ಅಪ್ಪನ ಕೂಗು ಮತ್ತೆ ಬಂತು.

ಎರಡು ವಯರು ಬದಲಿಸಿದ್ದರೆ ಸಾಕಿತ್ತು. ಸುಧಾಮ ಎಂಜಿನ್ನಿನ ಮುಚ್ಚಳ ಹಾಕಿ, ಹುಟ್ಟು ಕೈಗೆತ್ತಿಕೊಂಡ.

“ಇಲ್ಲ ಅಪ್ಪಯ್ಯ, ಇದ್ ಇವತ್ತ್ ಸರಿ ಆತಿಲ್ಲೆ. ಮನಿಗೆ ಹೋಪ.”