ಭಾನುವಾರದ ವಿಚಾರಣೆ

ರಾತ್ರಿ ಮಗಳ ಕೋಣೆಯಿಂದ ಮೊಬೈಲಿನ ಸಣ್ಣ ಸದ್ದು ಕೇಳಿ ಎಚ್ಚರವಾಯಿತು. ಆ ಮೊಬೈಲನ್ನು ಕದ್ದುಮುಚ್ಚಿ ಕೊಟ್ಟವನು ಅವಳ ಅಪ್ಪನೇ ಇರಬೇಕು.

ಕೋರ್ಟಿನ ಆದೇಶದಂತೆ ಶನಿವಾರ, ಭಾನುವಾರ ಅವಳು ಅವನ ಮನೆಯಲ್ಲಿರುತ್ತಾಳೆ. ವಾಪಸಾದೊಡನೆ ತಲೆಗೆ ಎಣ್ಣೆ ಹಚ್ಚುತ್ತಾ ಎಲ್ಲವನ್ನೂ ವಿಚಾರಿಸುತ್ತೇನೆ. ಇವತ್ತು ಸಂಜೆಯೂ ಕೇಳಿದ್ದೆ.

"ಅಪ್ಪ ಏನಾದ್ರೂ ಮಾಡಿದ್ರಾ ಪುಟ್ಟಿ?"

"ಏನಿಲ್ಲಮ್ಮ."

"ಏನೂ ಇಲ್ವಾ? ಸರಿಯಾಗಿ ನೆನಪು ಮಾಡ್ಕೋ."

ಅವಳು ತಿರುಗಿ ನನ್ನ ಮುಖ ನೋಡಿ, "ನನ್ನೊಬ್ಳನ್ನೇ ಮನೇಲಿ ಕೂಡಿಹಾಕಿ ಹೋಗಿದ್ರು" ಅಂದಳು.

ತಕ್ಷಣ ವಕೀಲರಿಗೆ ಫೋನ್ ಮಾಡಿದೆ. "ಇಷ್ಟು ಸಾಕು ಮೇಡಂ. ನಾಳೆ ಜಡ್ಜ್ ಮುಂದೆ ಮಗು ಇದನ್ನೇ ಹೇಳಿದ್ರೆ, ಅವ್ರ ಮನೆಗೆ ಕಳಿಸೋದೇ ನಿಲ್ಲುತ್ತೆ" ಎಂದರು.

ಈಗ ಅವಳ ಬಾಗಿಲಿಗೆ ಕಿವಿಯಿಟ್ಟು ನಿಂತೆ. ಅವನು ಏನು ಹೇಳಿಕೊಡುತ್ತಿದ್ದಾನೋ ನನಗೆ ಗೊತ್ತಾಗಬೇಕಿತ್ತು.

"ಏನಿಲ್ಲಪ್ಪ" ಎಂದು ಮಗಳು ಪಿಸುಗುಟ್ಟಿದಳು. ಆ ಕಡೆಯವನು ಮತ್ತೆ ಕೇಳಿರಬೇಕು. "ಹ್ಞೂಂ, ಅಮ್ಮ ಇವತ್ತು ಊಟಾನೇ ಹಾಕ್ಲಿಲ್ಲ" ಎಂದಳು.

ಅವಳು ಎರಡು ಸಲ ಹಾಕಿಸಿಕೊಂಡು ಉಂಡ ತಟ್ಟೆ ಇನ್ನೂ ಸಿಂಕಿನಲ್ಲೇ ಇತ್ತು. ನಾನು ಸದ್ದಾಗದಂತೆ ಹಾಸಿಗೆಗೆ ಮರಳಿ, ಇದನ್ನು ವಕೀಲರಿಗೂ, ಜಡ್ಜಿಗೂ, ಯಾರಿಗೂ ಹೇಳಬಾರದೆಂದು ನಿರ್ಧರಿಸಿದೆ.