ಗಂಡನ ಹೆಸರು

ಮದುವೆ ನಿಜವೆಂದು ನಂಬಿಸಿದರೆ ಮಾತ್ರ ಅವಳು ಗಂಡನೊಡನೆ ಆ ಪರದೇಶದಲ್ಲಿ ಉಳಿಯಬಹುದಿತ್ತು. ಅವನ ವಿಚಾರಣೆ ಪಕ್ಕದ ಕೋಣೆಯಲ್ಲಿ ಆಗಲೇ ಮುಗಿದಿತ್ತು. ಅವಳ ತುಳು ಬಲ್ಲವರು ಸಿಗದೆ, ವಲಸೆ ಅಧಿಕಾರಿ ಫೋನಿನಲ್ಲಿ ಕನ್ನಡದ ದುಭಾಷಿಯೊಬ್ಬನನ್ನು ಹಿಡಿದಿದ್ದ.

"ಗಂಡನ ಹೆಸರು ಹೇಳ್ಬೇಕಂತೆ, ಅಕ್ಕ," ಎಂದ ದುಭಾಷಿ.

"ಅಯ್ಯೋ, ಇವರ ಹೆಸರು ನಾನು ಹೇಳ್ಲಿಕ್ಕುಂಟಾ? ಆಯುಸ್ಸು ಕಡಿಮೆ ಆಗ್ತದೆ. ಪಾಸ್‌ಪೋರ್ಟಲ್ಲಿ ಉಂಟಲ್ಲ!"

"ನಿಮ್ಮ ಬಾಯಿಂದಲೇ ಬರ್ಬೇಕಂತೆ. ಇಲ್ಲಾಂದ್ರೆ ಮದುವೆನೇ ಸುಳ್ಳು ಅಂತಾರೆ."

ಅವಳು ಕರಿಮಣಿಯನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದಳು.

"ದೂಮಪ್ಪ."

ಅಧಿಕಾರಿ ಗಂಡನ ಉತ್ತರಗಳತ್ತ ಕಣ್ಣು ಹಾಯಿಸಿ ಫೈಲು ಮುಚ್ಚಿದ.

"ನೀವು ವಾಪಸ್ ಹೋಗ್ಬೇಕಂತೆ, ಅಕ್ಕ. ಮಾತು ತಾಳೆ ಆಗ್ಲಿಲ್ಲ. 'ನನ್ನ ಹೆಂಡ್ತಿಯಾದ್ರೆ ಪ್ರಾಣ ಹೋದ್ರೂ ನನ್ನ ಹೆಸರು ಹೇಳೋದಿಲ್ಲ' ಅಂದಿದ್ದಾರಂತೆ ನಿಮ್ಮ ಯಜಮಾನ್ರು."